ಮುತ್ಯಾನ ಪಿಂಚಣಿ, ಆಯಿಯ ಲೆಕ್ಕ

ನಮ್ಮ ಮೋರಟಗಿ ಸೀಮೆಯಲ್ಲಿ ‘ಪಗಾರ’ ಎಂಬ ಶಬ್ದ ಎರಡು ಕಡೆ ನಡೆಯುತ್ತದೆ. ಶಾಲೆಯ ಮಾಸ್ತರರಿಗೆ, ಬಸ್ಸಿನ ಕಂಡಕ್ಟರಿಗೆ ತಿಂಗಳ ಕೊನೆಗೆ ಬರುವುದೂ ಪಗಾರ; ಕೆಲಸ ಬಿಟ್ಟ ಮುದುಕರಿಗೆ, ಗಂಡ ತೀರಿಕೊಂಡ ಹೆಣ್ಣುಮಕ್ಕಳಿಗೆ ಸರಕಾರದಿಂದ ಬರುವುದೂ ಪಗಾರವೇ. ಮೊದಲನೆಯದು ದುಡಿದರೆ ತಾನಾಗಿ ಬರುತ್ತದೆ. ಎರಡನೆಯದನ್ನು ಅರ್ಜಿ ಬರೆದು ಕೇಳಬೇಕು. ಯಾವಾಗ ಕೇಳಬೇಕು ಎಂಬುದೇ ಈ ಲೇಖನದ ವಿಷಯ. ಮಕ್ಕಳೇ, ಇದು ದೊಡ್ಡವರ ಮಾತು ಎಂದು ಪುಟ ತಿರುವಬೇಡಿ. ಇದರಲ್ಲಿ ಗುಣಾಕಾರ, ಭಾಗಾಕಾರ ಬಿಟ್ಟರೆ ಬೇರೆ ಏನೂ ಇಲ್ಲ; ಅವು ನಿಮಗೆ ನಮಗಿಂತ ಚೆನ್ನಾಗಿ ಬರುತ್ತವೆ.

ನಿವೃತ್ತಿ ಹತ್ತಿರ ಬಂದಾಗ ಮನೆಯ ಗಂಡಸು ಕೇಳುವ ಪ್ರಶ್ನೆ ಒಂದೇ: ‘ನನಗೆ ಎಷ್ಟು ಬರುತ್ತದೆ?’ ಆದರೆ ಪಿಂಚಣಿಯ ಫಾರ್ಮಿನಲ್ಲಿ ಗಂಡ ಹೆಂಡತಿ ಜೋಡಿಯಾಗಿ ಕೂತ ಫೋಟೋ ಕೇಳುತ್ತಾರೆ. ಯಾಕೆ? ಪಿಂಚಣಿ ಒಬ್ಬರದಲ್ಲ, ಇಬ್ಬರದು. ನಮ್ಮ ಕಡೆ ಗಂಡ ಹೆಂಡತಿಗಿಂತ ಐದಾರು ವರ್ಷ ದೊಡ್ಡವನಾಗಿರುವುದು ಸಾಮಾನ್ಯ. ಹೆಂಗಸರ ಆಯುಷ್ಯವೂ ಸಾಧಾರಣವಾಗಿ ಸ್ವಲ್ಪ ಹೆಚ್ಚು. ಹಾಗಾಗಿ ಆ ಪಿಂಚಣಿಯ ಕೊನೆಯ ಹತ್ತು ವರ್ಷವನ್ನು ಉಣ್ಣುವವಳು ಬಹುತೇಕ ಮನೆಗಳಲ್ಲಿ ಆಯಿಯೇ. ಆಕೆಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕದೆ ಮುತ್ಯಾ ಸಹಿ ಮಾಡಬಾರದು.

ಮೊದಲು ಬಸ್ಸಿನವರ ಲೆಕ್ಕ ತೆಗೆದುಕೊಳ್ಳೋಣ. ಮೋರಟಗಿಯಿಂದ ಸಿಂದಗಿಗೆ, ಇಂಡಿಗೆ, ಮುದ್ದೇಬಿಹಾಳಕ್ಕೆ ನಾವು ಹತ್ತುವ ಕೆಂಪು ಬಸ್ಸುಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವು. ಆ ಬಸ್ಸಿನ ಚಾಲಕರು, ನಿರ್ವಾಹಕರು ಸರಕಾರಿ ನೌಕರರಂತೆ ಖಾಕಿ ಹಾಕಿದರೂ ಅವರ ಪಿಂಚಣಿ ಸರಕಾರಿ ಪಿಂಚಣಿಯಲ್ಲ. ಅದು ಪಿಎಫ್ ಕಚೇರಿಯ ‘ನೌಕರರ ಪಿಂಚಣಿ ಯೋಜನೆ’. 1995ರ ನವೆಂಬರ್ 16ರಂದು ಶುರುವಾಗಿದ್ದು. ಸಕ್ಕರೆ ಕಾರ್ಖಾನೆ, ಜಿನ್ನಿಂಗ್ ಮಿಲ್ಲು, ಖಾಸಗಿ ಕಂಪನಿಯವರಲ್ಲಿ ಪಿಎಫ್ ಕಟ್ಟುವವರಿಗೂ ಇದೇ. ಒಂದು ಸ್ವಾರಸ್ಯದ ಸಂಗತಿ ಹೇಳುತ್ತೇನೆ: ಇದಕ್ಕೂ ಮೊದಲು 1971ರಲ್ಲಿ ಬಂದ ಯೋಜನೆಯ ಹೆಸರೇ ‘ಕುಟುಂಬ ಪಿಂಚಣಿ ಯೋಜನೆ’. ಅದರಲ್ಲಿ ದುಡಿಯುವವನಿಗೆ ತಿಂಗಳ ಪಿಂಚಣಿ ಇರಲಿಲ್ಲ. ಸೇವೆಯಲ್ಲಿದ್ದಾಗ ತೀರಿಕೊಂಡರೆ ಮನೆಯವರಿಗೆ ಮಾತ್ರ ಬರುತ್ತಿತ್ತು. ಅಂದರೆ ಕಾನೂನು ಮೊದಲು ನೆನೆದದ್ದು ಆಯಿಯನ್ನು, ಮುತ್ಯಾನ ಪಾಳಿ ಬಂದದ್ದು 24 ವರ್ಷ ತಡವಾಗಿ.

ಲೆಕ್ಕದ ಸೂತ್ರ ಸರಳ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಕನಿಷ್ಠ 10 ವರ್ಷ ಸೇವೆ ಇರಬೇಕು. ಸಂಬಳ ಎಷ್ಟೇ ಇರಲಿ, 15,000 ರೂಪಾಯಿಯವರೆಗೆ ಮಾತ್ರ ಲೆಕ್ಕಕ್ಕೆ. 2014ರ ಸೆಪ್ಟೆಂಬರ್‌ಗಿಂತ ಹಿಂದಿನ ಸೇವೆಗೆ ಆ ಮಿತಿ 6,500. ಹೆಚ್ಚಿನ ಸಂಬಳದ ಮೇಲೆ ವಂತಿಗೆ ಕಟ್ಟಿದವರ ಮಾತು ಬೇರೆ. ಹೀಗಾಗಿ 30 ವರ್ಷ ಸ್ಟೇರಿಂಗ್ ಹಿಡಿದವನಿಗೂ ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು ಪಿಂಚಣಿ ಎಂದರೆ ಕೇಳಿದವರು ನಂಬುವುದಿಲ್ಲ. ನಿಜ ಅದೇ. ಮೇಲಾಗಿ ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. ತೊಗರಿಬೇಳೆಯ ದರ ಎಷ್ಟೇ ಏರಲಿ, ಪಿಂಚಣಿ ನಿಂತಲ್ಲೇ ನಿಂತಿರುತ್ತದೆ.

ಪಿಂಚಣಿಯ ವಯಸ್ಸು 58. ಆದರೆ ಸಾರಿಗೆ ನಿಗಮದಲ್ಲಿ ನಿವೃತ್ತಿ 60ಕ್ಕೆ. ಈ ಎರಡು ವರ್ಷದ ಸಂದಿಯಲ್ಲೇ ಪ್ರಶ್ನೆ ಹುಟ್ಟುವುದು. 58 ತುಂಬಿದ ಕೂಡಲೇ, ಇನ್ನೂ ಡ್ಯೂಟಿ ಮಾಡುತ್ತಿರುವಾಗಲೇ, ಪಿಂಚಣಿ ಕೇಳಬಹುದು. ಇಲ್ಲವೆ 60ರವರೆಗೆ ತಡೆಯಬಹುದು. ತಡೆದ ಪ್ರತಿ ವರ್ಷಕ್ಕೆ ಪಿಂಚಣಿ ನೂರಕ್ಕೆ 4ರಂತೆ ಏರುತ್ತದೆ. ‘ಮುತ್ಯಾ, ಯಾವುದು ಜಾಸ್ತಿ ಆಗ್ತೈತಿ?’ ಎಂದು ಮೊಮ್ಮಕ್ಕಳು ಕೇಳಬೇಕಾದ ಜಾಗ ಇದು. ಪೆನ್ಸಿಲ್ ತೆಗೆದುಕೊಳ್ಳಿ.

58ಕ್ಕೆ ಪಿಂಚಣಿ 4,000 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ವರ್ಷ ತಡೆದರೆ 4,160. ಎರಡು ವರ್ಷ ತಡೆದರೆ 4,326. ತಿಂಗಳಿಗೆ 326 ಹೆಚ್ಚು. ಆದರೆ ಆ 24 ತಿಂಗಳಲ್ಲಿ ಬಿಟ್ಟುಕೊಟ್ಟದ್ದು 96,000. ಈಗ 96,000ವನ್ನು 326ರಿಂದ ಭಾಗಿಸಿ. 294 ತಿಂಗಳು, ಅಂದರೆ ಇಪ್ಪತ್ತನಾಲ್ಕೂವರೆ ವರ್ಷ ಬಂತು. ಮುತ್ಯಾನಿಗೆ 84 ದಾಟಿದ ಮೇಲೆ ಲಾಭ ಶುರು! ಆತ ತೀರಿಕೊಂಡ ಮೇಲೆ ಹೆಂಡತಿಗೆ ಬರುವುದು ಪಿಂಚಣಿಯ ಅರ್ಧ. ಹಾಗಾದರೆ ಆಯಿಗೆ 2,000ದ ಬದಲು 2,163. ಎರಡು ವರ್ಷ ಕಾದದ್ದಕ್ಕೆ ಆಕೆಯ ಪಾಲಿಗೆ ಸಿಕ್ಕಿದ್ದು ತಿಂಗಳಿಗೆ 163 ರೂಪಾಯಿ.

ಬ್ಯಾಂಕಿನಲ್ಲಿ ಲೆಜರ್ ಬರೆದವನ ಚಟ, ಇಷ್ಟಕ್ಕೆ ನಿಲ್ಲಿಸಲಾರೆ. ಆ 4,000ವನ್ನು 58ರಿಂದಲೇ ತೆಗೆದುಕೊಂಡು, ಪಗಾರ ಬರುತ್ತಿರುವ ಆ 24 ತಿಂಗಳು ಮುಟ್ಟದೆ, ಹೆಂಡತಿಯ ಹೆಸರಿನಲ್ಲಿ ಆರ್‌ಡಿ ಕಟ್ಟಿದರೆ? ಬಡ್ಡಿ ಸೇರಿ ಸುಮಾರು ಒಂದು ಲಕ್ಷ. ವರ್ಷಕ್ಕೆ ನೂರಕ್ಕೆ 6ರ ಬಡ್ಡಿ ಹಿಡಿದರೂ ತಿಂಗಳಿಗೆ 500 ರೂಪಾಯಿ ಬರುತ್ತದೆ. 326ಕ್ಕಿಂತ 500 ಹೆಚ್ಚು, ಆಯಿಯ 163ಕ್ಕಿಂತ ಮೂರು ಪಟ್ಟು. ಅದೂ ಅಸಲು ಹಾಗೇ ಇದೆ, ಆಕೆಯ ಹೆಸರಿನಲ್ಲೇ ಇದೆ.

ಇಲ್ಲಿ ಇನ್ನೊಂದು ದಾರಿಯೂ ಉಂಟು, ಅದನ್ನು ಮುಚ್ಚಿಟ್ಟರೆ ತಕ್ಕಡಿ ಸರಿಯಾಗದು. 58ರ ನಂತರವೂ ಪಿಂಚಣಿ ನಿಧಿಗೆ ವಂತಿಗೆ ಮುಂದುವರಿಸಿಕೊಂಡೇ ಎರಡು ವರ್ಷ ತಡೆಯಬಹುದು. ಆಗ ಆ ಎರಡು ವರ್ಷವೂ ಸೇವೆಯ ಲೆಕ್ಕಕ್ಕೆ ಸೇರುತ್ತದೆ. 15,000ವನ್ನು 2ರಿಂದ ಗುಣಿಸಿ 70ರಿಂದ ಭಾಗಿಸಿದರೆ 428 ರೂಪಾಯಿ ಹೆಚ್ಚಾಯಿತು. ಅದಕ್ಕೂ ನೂರಕ್ಕೆ 4ರ ಏರಿಕೆ ಸೇರಿ 60ಕ್ಕೆ ಪಿಂಚಣಿ ಸುಮಾರು 4,789. ಆದರೆ ಮಾಲೀಕರ ಪಾಲಿನಲ್ಲಿ ಪಿಎಫ್‌ಗೆ ಹೋಗಬಹುದಾಗಿದ್ದ ತಿಂಗಳಿಗೆ 1,250 ರೂಪಾಯಿ ಪಿಂಚಣಿ ನಿಧಿಗೆ ಹೋಗಿರುತ್ತದೆ. ಎರಡು ವರ್ಷಕ್ಕೆ 30,000. ಒಟ್ಟು ಬಿಟ್ಟದ್ದು 1,26,000, ತಿಂಗಳಿಗೆ ಗಳಿಸಿದ್ದು 789. ಭಾಗಿಸಿದರೆ 160 ತಿಂಗಳು. ಮುತ್ಯಾನಿಗೆ 73 ದಾಟಿದ ಮೇಲೆ ಲಾಭ. ಇದು ಮೊದಲಿನದಕ್ಕಿಂತ ಎಷ್ಟೋ ವಾಸಿ. ಆಯಿಗೂ 2,394 ಸಿಗುತ್ತದೆ.

ಹಾಗಾದರೆ ಯಾವುದು ಸರಿ? ನನ್ನ ಅಭಿಪ್ರಾಯ ಹೇಳುತ್ತೇನೆ. ಕೈಗೆ ಬಂದ ಹಣವನ್ನು ಮುಟ್ಟದೆ ಇಡುವ ಶಿಸ್ತು ಮನೆಯಲ್ಲಿದ್ದರೆ 58ಕ್ಕೇ ಕೇಳಿ, ಹೆಂಡತಿಯ ಹೆಸರಿನಲ್ಲಿ ಇಡಿ. ಪಗಾರ, ಪಿಂಚಣಿ ಎರಡೂ ಬಂದರೆ ಹೊಸ ಮೋಟಾರ್ ಸೈಕಲ್ಲು, ಮದುವೆಯ ಮುಯ್ಯಿ, ಜಾತ್ರೆಯ ಖರ್ಚಿಗೆ ಕರಗಿಹೋಗುವ ಮನೆಯಾದರೆ ವಂತಿಗೆ ಕಟ್ಟುತ್ತಾ 60ರವರೆಗೆ ತಡೆಯುವುದೇ ಒಳ್ಳೆಯದು. ಅದು ಬೀಗ ಹಾಕಿದ ಉಳಿತಾಯ. ವಂತಿಗೆಯೂ ಕಟ್ಟದೆ ಸುಮ್ಮನೆ ತಡೆಯುವುದರಲ್ಲಿ ಮಾತ್ರ ನನಗೆ ಅರ್ಥ ಕಾಣುವುದಿಲ್ಲ. ಗಂಡನ ಆರೋಗ್ಯ ಸರಿಯಿಲ್ಲದಿದ್ದರಂತೂ ತಡೆಯಲೇಬಾರದು.

ಈ ‘ತಡೆಯಿರಿ’ ಎಂಬ ಸಲಹೆ ಕೆಲವು ಮನೆಗಳಿಗೆ ಬರುವುದು ದೂರದಿಂದ. ನಮ್ಮ ಕಡೆಯ ಮಕ್ಕಳೂ ಈಗ ಬೆಂಗಳೂರು, ಪುಣೆ ದಾಟಿ ಅಮೆರಿಕಕ್ಕೆ ಹೋಗಿದ್ದಾರೆ. ಅಲ್ಲಿನ ಮಾತು ಕೇಳಿ, ‘ಅಪ್ಪಾ, ಎಷ್ಟು ತಡವಾಗಿ ಕೇಳಿದರೆ ಅಷ್ಟು ಒಳ್ಳೆಯದಂತೆ’ ಎಂದು ಫೋನು ಮಾಡುತ್ತಾರೆ. ಅಲ್ಲಿ ಅದು ಸುಳ್ಳಲ್ಲ. 1935ರ ಕಾನೂನಿನಿಂದ ಬಂದ ಅವರ ಸೋಶಿಯಲ್ ಸೆಕ್ಯುರಿಟಿ ಪಿಂಚಣಿಯನ್ನು 62ರಿಂದ 70ರ ನಡುವೆ ಯಾವಾಗಲಾದರೂ ಕೇಳಬಹುದು. 1960ರಲ್ಲಿ ಅಥವಾ ಅದರ ನಂತರ ಹುಟ್ಟಿದವರಿಗೆ ಪೂರ್ಣ ವಯಸ್ಸು 67. ಆಗ ಸಾವಿರ ಡಾಲರ್ ಬರುವವನಿಗೆ 62ಕ್ಕೇ ಕೇಳಿದರೆ 700, 70ರವರೆಗೆ ಕಾದರೆ 1,240. 67ರ ನಂತರ ಕಾದ ವರ್ಷಕ್ಕೆ ನೂರಕ್ಕೆ 8ರ ಏರಿಕೆ, ನಮ್ಮದರ ಎರಡರಷ್ಟು. ದರ ಏರಿದಂತೆ ಪಿಂಚಣಿಯೂ ಏರುತ್ತದೆ. ಗಂಡ ತೀರಿಕೊಂಡರೆ ಹೆಂಡತಿಗೆ ಅರ್ಧವಲ್ಲ, ಆತ ಕಾದು ಬೆಳೆಸಿದ ಪೂರ್ತಿ ಮೊತ್ತವೇ ಸಿಗಬಹುದು. ಆದ್ದರಿಂದ ಅಲ್ಲಿ ಹೆಚ್ಚು ಗಳಿಸಿದವರು ಕಾಯುವುದು ಹಿಂದೆ ಉಳಿಯುವವರಿಗಾಗಿ. ನಮ್ಮಲ್ಲಿ ಏರಿಕೆ 4, ತುಟ್ಟಿಭತ್ಯೆ ಇಲ್ಲ, ಹೆಂಡತಿಗೆ ಅರ್ಧ. ಬೇರೆ ಹೊಲದ ಬಿತ್ತನೆ ಲೆಕ್ಕ ನಮ್ಮ ಹೊಲಕ್ಕೆ ಹೊಂದೀತೇ?

ಒಂದರಲ್ಲಿ ಮಾತ್ರ ನಾವು ಮೇಲು. ಅಲ್ಲಿ ಹೆಂಡತಿಗೆ ತನ್ನದೇ ಪಿಂಚಣಿ ಇದ್ದರೆ ತನ್ನದು, ಗಂಡನದು ಎರಡರಲ್ಲಿ ಹೆಚ್ಚಿನದಷ್ಟೇ ಸಿಗುತ್ತದೆ. ನಮ್ಮಲ್ಲಿ ಗಂಡ ಹೆಂಡತಿ ಇಬ್ಬರೂ ಸರಕಾರಿ ಶಿಕ್ಷಕರಾಗಿ ಹಳೆಯ ಪಿಂಚಣಿಯಲ್ಲಿದ್ದರೆ, ಒಬ್ಬರು ಹೋದ ಮೇಲೆ ಉಳಿದವರಿಗೆ ತಮ್ಮ ಪಿಂಚಣಿಯೂ ಬರುತ್ತದೆ, ಕುಟುಂಬ ಪಿಂಚಣಿಯೂ ಬರುತ್ತದೆ.

58ಕ್ಕಿಂತ ಮೊದಲೇ ಕೇಳುವವರೂ ಇದ್ದಾರೆ. ಕಾರ್ಖಾನೆ ಮುಚ್ಚಿತು, ಮೊಣಕಾಲು ಕೆಟ್ಟಿತು, ಕೆಲಸ ಬಿಟ್ಟರು. 50 ತುಂಬಿ, ಕೆಲಸ ಬಿಟ್ಟಿದ್ದರೆ ಪಿಎಫ್ ಪಿಂಚಣಿ ಕೇಳಬಹುದು. ಕಡಿಮೆಯಾದ ಪ್ರತಿ ವರ್ಷಕ್ಕೆ ನೂರಕ್ಕೆ 4 ಕಡಿತ. 58ಕ್ಕೆ 3,000 ಬರುವವನು 55ಕ್ಕೆ ಕೇಳಿದರೆ 2,640. 58 ತುಂಬಿದ ದಿನ ಇದು ತಾನಾಗಿ 3,000 ಆಗುತ್ತದೆ ಎಂದು ಅನೇಕರು ನಂಬಿದ್ದಾರೆ. ಆಗುವುದಿಲ್ಲ. ಆ ಕಡಿತ ಜೀವನವಿಡೀ ಇರುತ್ತದೆ, ಆಮೇಲೆ ಹೆಂಡತಿಯ ಅರ್ಧದಲ್ಲೂ ಇರುತ್ತದೆ: 1,500ರ ಬದಲು 1,320. ಬರಿಯ ಲೆಕ್ಕದ ಪ್ರಕಾರ ಮೊದಲೇ ತೆಗೆದುಕೊಂಡವನು 80ರವರೆಗೆ ಸೋಲುವುದಿಲ್ಲ, ಹಾಗಾಗಿ ಹಸಿದವನು ಕೇಳಿದರೆ ತಪ್ಪೆನ್ನಲಾರೆ. ಆದರೆ ಬೇರೆ ದುಡಿಮೆಗೆ ದಾರಿ ಇದ್ದವನು ಕೇಳಬಾರದು. ಆ 180 ರೂಪಾಯಿ ಆಯಿಯ ಬಿಪಿ ಗುಳಿಗೆಯ ದುಡ್ಡು.

ಸರಕಾರಿ ನೌಕರರು, ಬ್ಯಾಂಕಿನ ಹಳೆಯ ಪಿಂಚಣಿಯವರಿಗೆ ಯಾವಾಗ ಎಂಬ ಪ್ರಶ್ನೆ ಇಲ್ಲ. ನಿವೃತ್ತಿಯ ಮರುದಿನದಿಂದ ಶುರು. ಅವರ ಮುಂದಿರುವ ಆಯ್ಕೆ ಕಮ್ಯುಟೇಶನ್. ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಬಿಟ್ಟುಕೊಟ್ಟು ಒಟ್ಟಿಗೆ ಗಂಟು ಪಡೆಯುವುದು. ಬಿಟ್ಟುಕೊಟ್ಟ ಭಾಗ 15 ವರ್ಷದ ನಂತರ ಮತ್ತೆ ಸೇರುತ್ತದೆ. ‘ಗಂಟು ತೆಗೆದುಕೊಂಡರೆ ನನ್ನ ಹಿಂದೆ ಆಕೆಗೆ ಕಡಿಮೆಯಾಗುತ್ತದಲ್ಲ’ ಎಂದು ಹಿಂಜರಿಯುವವರನ್ನು ಕೌಂಟರಿನ ಈಚೆ ಕೂತು ಬಹಳ ನೋಡಿದ್ದೇನೆ. ಆ ಹೆದರಿಕೆ ಬೇಡ. ಕಡಿತ ಆತನ ಪಿಂಚಣಿಗೆ ಮಾತ್ರ. ಕುಟುಂಬ ಪಿಂಚಣಿಯನ್ನು ಕೊನೆಯ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ; ಗಂಟಿನ ಬಾಕಿಯನ್ನು ಹೆಂಡತಿಯಿಂದ ವಸೂಲು ಮಾಡುವುದಿಲ್ಲ. ಹೆದರಬೇಕಾದದ್ದು ಗಂಟಿನ ಬಗ್ಗೆಯೇ. ಬಂದ ವಾರದಲ್ಲೇ ಅದನ್ನು ಕೇಳಲು ಯಾರ್‍ಯಾರು ಬರುತ್ತಾರೋ ಹೇಳಲಾಗದು.

2006ರ ಏಪ್ರಿಲ್ 1ರಿಂದ ಕರ್ನಾಟಕ ಸರಕಾರದ ಸೇವೆಗೆ ಸೇರಿದವರದು ಹೊಸ ಪಿಂಚಣಿ ಪದ್ಧತಿ. ಅಲ್ಲಿ ನಿವೃತ್ತಿಯಾಗುವಾಗ ವಿಮಾ ಕಂಪನಿಯಿಂದ ತಿಂಗಳ ಪಿಂಚಣಿ ಕೊಳ್ಳಬೇಕು. ‘ನಾನಿರುವವರೆಗೆ ಮಾತ್ರ’ ಎಂಬುದಕ್ಕೆ ತಿಂಗಳಿಗೆ ಹೆಚ್ಚು ಬರುತ್ತದೆ, ‘ನನ್ನ ನಂತರ ಹೆಂಡತಿಗೂ’ ಎಂಬುದಕ್ಕೆ ಸ್ವಲ್ಪ ಕಡಿಮೆ. ಒಮ್ಮೆ ಆರಿಸಿದ ಮೇಲೆ ಬದಲಿಸಲು ಬಾರದು. ಹೆಚ್ಚು ಕಾಣುತ್ತದೆಂದು ಮೊದಲನೆಯದಕ್ಕೆ ಗುರುತು ಹಾಕುವ ಮೊದಲು ಮನೆಗೆ ಬಂದು ಕೇಳಿ.

ಇನ್ನು ಯಾವ ನೌಕರಿಯೂ ಇಲ್ಲದ, ಹೊಲದಲ್ಲಿ ದುಡಿದ ಮುದುಕ ಮುದುಕಿಯರ ಪಗಾರ. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಇವರೇ ಹೆಚ್ಚು. ಬಡ ಕುಟುಂಬದವರಿಗೆ 60ರಿಂದ 64ರವರೆಗೆ ವೃದ್ಧಾಪ್ಯ ವೇತನ ತಿಂಗಳಿಗೆ 800 ರೂಪಾಯಿ, 65ರಿಂದ 1,200. ಸಣ್ಣ ರೈತರು, ಕೂಲಿಕಾರರು, ನೇಕಾರರಂಥವರಿಗೆ 65ರಿಂದ ಸಂಧ್ಯಾ ಸುರಕ್ಷಾ, ಅದೂ 1,200. ಗಂಡ ತೀರಿಕೊಂಡವರಿಗೆ ವಿಧವಾ ವೇತನ 800. ಒಬ್ಬರಿಗೆ ಒಂದೇ ಪಗಾರ. ಆದ್ದರಿಂದ ವಿಧವಾ ವೇತನ ಪಡೆಯುತ್ತಿರುವ ಆಯಿಗೆ 65 ತುಂಬಿದಾಗ ಹೆಚ್ಚಿನದಕ್ಕೆ ಬದಲಿಸಿಕೊಳ್ಳಬಹುದೇ ಎಂದು ನಾಡಕಚೇರಿಯಲ್ಲಿ ವಿಚಾರಿಸಬೇಕು. ಸಂಧ್ಯಾ ಸುರಕ್ಷಾದಲ್ಲಿ ಗಂಡ ಹೆಂಡತಿ ಇಬ್ಬರ ಆದಾಯವನ್ನೂ ಕೂಡಿಸಿ ನೋಡುತ್ತಾರೆ. ಇಲ್ಲಿ ಕಾಯುವುದರಿಂದ ಒಂದು ರೂಪಾಯಿಯೂ ಏರುವುದಿಲ್ಲ. ತಡವಾದ ಪ್ರತಿ ತಿಂಗಳೂ ಹೋದದ್ದೇ. ವಯಸ್ಸು ತುಂಬಿದ ವಾರವೇ ಅರ್ಜಿ ಕೊಡಬೇಕು.

ವಯಸ್ಸು ತುಂಬುವುದು ಎಂದರೇನು ಎಂಬುದೇ ಇಲ್ಲಿ ದೊಡ್ಡ ತೊಡಕು. ನಮ್ಮ ವಯಸ್ಸಿನವರಲ್ಲಿ ಶಾಲೆಗೆ ಹೋದವರೆಲ್ಲ ಜೂನ್ 1ರಂದೇ ಹುಟ್ಟಿದವರು. ಮಾಸ್ತರರು ದಾಖಲಾತಿಗೆ ಬೇಕಾದ ವಯಸ್ಸು ಕೂಡಿಬರುವಂತೆ ಬರೆದದ್ದು. ಶಾಲೆಗೆ ಹೋಗದವರೆಲ್ಲ ಜನವರಿ 1ರಂದು ಹುಟ್ಟಿದವರು. ಆಧಾರ್ ಮಾಡುವ ಹುಡುಗ ಮುಖ ನೋಡಿ ಬರೆದದ್ದು. ಹೆಂಡತಿ ಗಂಡನಿಗಿಂತ ಮೂರು ವರ್ಷ ದೊಡ್ಡವಳಾಗಿರುವ ಆಧಾರ್ ಕಾರ್ಡುಗಳೂ, ತಾಯಿಗಿಂತ ಎಂಟೇ ವರ್ಷ ಚಿಕ್ಕವನಾದ ಮಗನ ಕಾರ್ಡುಗಳೂ ಉಂಟು. ನಗು ಬರುತ್ತದೆ, ಆದರೆ ನಿಜವಾಗಿ 65 ಆದ ಆಯಿಯ ಕಾರ್ಡಿನಲ್ಲಿ 59 ಎಂದಿದ್ದರೆ ಆರು ವರ್ಷದ ಪಗಾರ ಹೋಯಿತು. ಆಧಾರಿನಲ್ಲಿ ಹುಟ್ಟಿದ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಅದನ್ನು ದಾಖಲೆ ಸಮೇತ, 60 ಹತ್ತಿರ ಬರುವ ಮೊದಲೇ ಮಾಡಿಸಬೇಕು.

ಸೊಸೆ, ಮಗಳಂದಿರಿಗೂ ಒಂದು ಮಾತು. 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದೊಳಗಿನವರು, ಆದಾಯ ತೆರಿಗೆ ಕಟ್ಟದವರು ಸೇರಬಹುದು. 60ರ ನಂತರ ತಿಂಗಳಿಗೆ 5,000 ಬೇಕೆಂದರೆ 18ಕ್ಕೆ ಸೇರಿದವರು ತಿಂಗಳಿಗೆ 210 ಕಟ್ಟಬೇಕು, 40ಕ್ಕೆ ಸೇರಿದವರು 1,454. ಇದರಲ್ಲಿ ಒಬ್ಬರು ತೀರಿಕೊಂಡರೆ ಗಂಡನಿಗೋ ಹೆಂಡತಿಗೋ ಅರ್ಧವಲ್ಲ, ಅಷ್ಟೇ ಪಿಂಚಣಿ ಮುಂದುವರಿಯುತ್ತದೆ. ಗಂಡ ಹೆಂಡತಿ ಬೇರೆ ಬೇರೆಯಾಗಿ ಸೇರಬಹುದು.

ಮಕ್ಕಳೇ, ಈಗ ನಿಮ್ಮ ಪಾಲಿನ ಕೆಲಸ. ಈ ಭಾನುವಾರ ಟ್ರಂಕಿನಲ್ಲಿರುವ ಕಾಗದಗಳನ್ನು ಮುತ್ಯಾನಿಂದ ಕೇಳಿ ತೆಗೆಸಿ. ಪಿಂಚಣಿ ಆದೇಶದ ಪತ್ರ, ಇಬ್ಬರ ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್. ಆಯಿಯ ಹೆಸರನ್ನು ಒಂದೊಂದರಲ್ಲಿ ಗಟ್ಟಿಯಾಗಿ ಓದಿ. ಒಂದರಲ್ಲಿ ಗಂಗವ್ವ, ಇನ್ನೊಂದರಲ್ಲಿ ಗಂಗಾಬಾಯಿ, ಮತ್ತೊಂದರಲ್ಲಿ ತವರಿನ ಅಡ್ಡಹೆಸರು ಇದ್ದೀತು. ಮನೆಯಲ್ಲಿ ಎಲ್ಲರಿಗೂ ಗೊತ್ತು ಅವರು ಒಬ್ಬರೇ ಎಂದು. ಕಚೇರಿಯ ಕಂಪ್ಯೂಟರಿಗೆ ಅವರು ಮೂವರು. ಮುತ್ಯಾ ಇರುವಾಗ ಇದನ್ನು ತಿದ್ದಿಸಲು ಅವರ ಒಂದು ಸಹಿ, ಒಂದು ಅರ್ಜಿ ಸಾಕಾಗಬಹುದು. ಅವರು ಹೋದ ಮೇಲೆ ಆಯಿ ಬಿಳಿ ಸೆರಗು ಹೊದ್ದು ಪ್ರಮಾಣಪತ್ರ, ಸಾಕ್ಷಿ, ಪಂಚನಾಮೆ ಎಂದು ತಿಂಗಳುಗಟ್ಟಲೆ ತಿರುಗಬೇಕಾಗುತ್ತದೆ. ಗಂಡ ಬದುಕಿರುವವರೆಗೆ ಬ್ಯಾಂಕಿನ ಬಾಗಿಲ ಬಳಿಯೇ ನಿಂತು, ಒಳಗೆ ಬಾರದೆ ಇದ್ದ ಎಷ್ಟೋ ತಾಯಂದಿರು, ಆತ ಹೋದ ಮೇಲೆ ಪಾಸ್‌ಬುಕ್ ಹಿಡಿದು ‘ಯಪ್ಪಾ, ಇದು ಯಾವ ಕಿಟಕಿ?’ ಎಂದು ಕೇಳುವುದನ್ನು ನಾನು ಕಂಡಿದ್ದೇನೆ. ಪಿಂಚಣಿಯ ಖಾತೆಯನ್ನು ಹೆಂಡತಿಯ ಜೊತೆ ಜಂಟಿಯಾಗಿ, ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನ ಮೇಲೆ ಇಡಬಹುದು. ಇಟ್ಟಿಲ್ಲದಿದ್ದರೆ ಇಡಿಸಿ. ನವೆಂಬರ್‌ನಲ್ಲಿ ಮುತ್ಯಾ ಜೀವನ ಪ್ರಮಾಣಪತ್ರ ಕೊಡಲು ಹೋಗುವಾಗ ಆಯಿಯನ್ನೂ ಕರೆದುಕೊಂಡು ಹೋಗಲಿ. ಕಿಟಕಿ ಯಾವುದೆಂದು ಆಕೆಗೆ ತೋರಿಸಲಿ.

ಪಾಸ್‌ಬುಕ್ ಓದುವಾಗ ಒಂದು ಸಾಲಿಗೆ ಬೆರಳಿಟ್ಟು ನೋಡಿ: ನಾಮಿನಿ. ಅಲ್ಲಿ ಮುತ್ಯಾನ ತಾಯಿಯ ಹೆಸರು, ಅಂದರೆ ಮದುವೆಗೆ ಮುಂಚೆ ಖಾತೆ ತೆರೆದಾಗ ಬರೆಸಿದ ಹೆಸರು, ಇನ್ನೂ ಹಾಗೇ ಇದ್ದರೆ ಸೋಮವಾರವೇ ಬ್ಯಾಂಕಿಗೆ ಹೊರಡಿಸಿ.